ಮೂರನೇ ನಂಬರಿನ ಅಂಗಿ

ಜನವರಿ 12

ಅಪ್ಪನಿಗೆ,

ಫೋನಿನಲ್ಲಿ ನೀವು "ಊಟ ಆಯ್ತಾ?" ಅನ್ನುತ್ತೀರಿ, ನಾನು "ಆಯ್ತು" ಅನ್ನುತ್ತೇನೆ, ಆಮೇಲೆ ನೀವು ಅಲ್ಲಿನ ಗೋಡೆ, ನಾನು ಇಲ್ಲಿನ ಗೋಡೆ ನೋಡುತ್ತ ನಿಲ್ಲುತ್ತೇವೆ. ಐದು ವರ್ಷದಿಂದ ಇದೇ ನಡೆದಿದೆ. ಈಗ ಕೇಳಬೇಕಾದದ್ದನ್ನು ಫೋನಿನಲ್ಲಿ ಕೇಳಿದರೆ ನೀವು ಮಷಿನ್ ತುಳಿಯುತ್ತ "ಸದ್ದಿಗೆ ಕೇಳಿಸ್ಲಿಲ್ಲ" ಎಂದು ಜಾರಿಕೊಳ್ಳುತ್ತೀರಿ. ಅದಕ್ಕೇ ಕಾಗದ.

ಮೊನ್ನೆಯ ಪಂದ್ಯದ ಫೋಟೋ ನಿಮ್ಮ ಅಂಗಡಿಯ ಮುಂದಿನ ಪೇಪರಿನವನ ಹತ್ತಿರವೂ ತೂಗುತ್ತಿರಬಹುದು. ವಿಶ್ವಕಪ್ಪಿಗೆ ಮುಂಚಿನ ಅಭ್ಯಾಸ ಪಂದ್ಯ ಅದು. ನಮ್ಮ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಮೊದಲ ಸಲ ವಿಶ್ವಕಪ್ಪಿಗೆ ಹೋಗುತ್ತಿದೆ ಎಂದು ಎಂದೂ ಬಾರದ ಟಿವಿಯವರೂ ಬಂದಿದ್ದರು. ಅರವತ್ತೆಂಟನೇ ನಿಮಿಷ. ಚೆಂಡು ಗೆರೆಯಿಂದಾಚೆ ಹೋಯಿತು. ಒಳಗೆ ಎಸೆಯಲು ಎರಡೂ ಕೈ ತಲೆಯ ಹಿಂದಕ್ಕೆ ಒಯ್ದೆ. ಕಂಕುಳಿನಿಂದ ಸೊಂಟದ ತನಕ ಅಂಗಿ ಹರಿದುಕೊಂಡಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು ಅಪ್ಪ, ನಿಮ್ಮ ಹೊಲಿಗೆ ಅಂಗಡಿಯಲ್ಲಿ ಹುಟ್ಟಿದಾಗಿನಿಂದ ಕೇಳಿದ್ದೇನೆ; ಮಷಿನ್ನಿನ ದಾರದ ಉರುಳೆಯ ಹೆಸರಿಟ್ಟು ನನ್ನನ್ನು ಬಾಬಿನ್ ಎಂದು ಕರೆದವರು ನೀವು.

ರೆಫರಿ ಹೊರಗೆ ಕಳಿಸಿದಳು. ಬದಲಿ ಅಂಗಿ ನಮ್ಮಲ್ಲಿ ಒಬ್ಬರಿಗೂ ಇಲ್ಲ. ಬೆಂಚಿನಲ್ಲಿ ಕೂತಿದ್ದವಳ ಅಭ್ಯಾಸದ ಅಂಗಿ ಬಿಚ್ಚಿಸಿ, ಕಾಲಿಗೆ ಸುತ್ತುವ ಬಿಳಿ ಪಟ್ಟಿಯಲ್ಲಿ 'ಮೂರು' ಬರೆದು ತೊಡಿಸುವಷ್ಟರಲ್ಲಿ ನಾಲ್ಕು ನಿಮಿಷ ಹೋಯಿತು. ಆ ನಾಲ್ಕು ನಿಮಿಷದಲ್ಲಿ ನಾನು ಕಾಯಬೇಕಿದ್ದ ಎಡಗಡೆಯಿಂದಲೇ ಗೋಲು ಬಿತ್ತು. ನಮ್ಮ ಗೋಲ್‌ಕೀಪರ್, ನಾವು 'ಬೀಗ' ಅಂತ ಕರೆಯುವವಳು, ಮೈದಾನದ ಆ ತುದಿಯಿಂದ ಕೂಗಿದ್ದು ಇಲ್ಲಿಗೆ ಕೇಳಿಸಿತು: "ಬಾಗಿಲು ತೆಗೆದಿಟ್ಟು ಬೀಗಾನ ಬೈದ್ರೆ ಏನು ಬಂತ್ರೇ!"

ಆದರೆ ಕಾಗದ ಬರೆಯುತ್ತಿರುವುದು ಇದಕ್ಕಲ್ಲ. ರೂಮಿಗೆ ಬಂದು ಹರಿದ ಅಂಗಿಯನ್ನು ಒಳಮೈ ಹೊರಗೆ ಮಾಡಿ ನೋಡಿದೆ. ಹೊಲಿಗೆ ಮುಗಿಯುವಲ್ಲಿ ಹಿಂದಕ್ಕೆ ಮೂರು, ಮುಂದಕ್ಕೆ ಎರಡು, ಆಮೇಲೆ ದಾರದ ತುದಿಯನ್ನು ಸೂಜಿಯಿಂದ ಒಳಗೆ ತೂರಿಸಿ ಅಡಗಿಸಿದ್ದು. ಲೋಕದಲ್ಲಿ ಬೇರೆ ಯಾವ ದರ್ಜಿಯೂ ಹಾಗೆ ಮುಗಿಸುವುದಿಲ್ಲ ಎಂದು ನೀವೇ ಜಂಬ ಕೊಚ್ಚಿಕೊಳ್ಳುತ್ತಿದ್ದಿರಿ.

ನಮ್ಮ ಅಂಗಿಗಳನ್ನು ಹೊಲಿಯುತ್ತಿರುವುದು ನೀವಾ? ಎಷ್ಟು ವರ್ಷದಿಂದ?

ಬಾಬಿನ್


ಜನವರಿ 24

ಬಾಬಿನ್‌ಗೆ,

ಹೌದು, ನಾನೇ. ಹೊಲಿಯುವುದಲ್ಲ, ಸರಿಮಾಡುವುದು. ಗಂಡಸರ ತಂಡ ಒಂದು ವರ್ಷ ಆಡಿ ಬಿಟ್ಟ ಅಂಗಿಗಳನ್ನು ನಮ್ಮ ಬೀದಿಯ ಜವಳಿ ಅಂಗಡಿಯವನು ಗಂಟು ಕಟ್ಟಿ ತಂದು ಹಾಕುತ್ತಾನೆ. ಬೆನ್ನಿನ ಮೇಲೆ ಹೊಲಿದಿರುವ ಗಂಡಸರ ಹೆಸರಿನ ಪಟ್ಟಿ ಬಿಚ್ಚಬೇಕು, ಕತ್ತಿನ ಲೇಬಲ್ ಕತ್ತರಿಸಬೇಕು, ತೋಳು ಮೋಟು ಮಾಡಬೇಕು, ಪಕ್ಕ ಹಿಡಿದು ಸಣ್ಣ ಮಾಡಬೇಕು. ವರ್ಷಕ್ಕೆ ಹದಿನೆಂಟು ಅಂಗಿ. ಐದು ವರ್ಷವಾಯಿತು. ಅವನು ತಾನಾಗಿ ತಂದುಕೊಟ್ಟ, ನಾನು ಬೇಡವೆನ್ನಲಿಲ್ಲ. ಅಷ್ಟೇ ವಿಷಯ.

ಹಿಂದಿನ ವರ್ಷಗಳಲ್ಲಿ 'ಅಂದಾಜಿನಲ್ಲಿ ಸಣ್ಣ ಮಾಡಿ ಸಾಕು' ಅನ್ನುತ್ತಿದ್ದರು. ಈ ಸಲ ಟಿವಿಯವರು ಬರುತ್ತಾರೆ, ಮೈಗೆ ಕೂರಬೇಕು ಎಂದರು. ಹದಿನೇಳು ಜನರ ಅಳತೆ ಚೀಟಿಯಲ್ಲಿ ಬರೆದು ಕಳಿಸಿದ್ದರು. ಮೂರನೇ ನಂಬರಿನ ಅಳತೆ ಇರಲಿಲ್ಲ, ನೀನು ಆ ದಿನ ಕ್ಯಾಂಪಿನಲ್ಲಿ ಇರಲಿಲ್ಲವಂತೆ. ಕೇಳಿ ಕಳಿಸಲೇ ಎಂದ ಜವಳಿಯವನು. "ಬೇಡ, ನನ್ನ ಹತ್ತಿರ ಇದೆ" ಅಂದೆ. ಅಳತೆ ಪುಸ್ತಕ ತೆಗೆದೆ. ಭುಜ ಹದಿನಾಲ್ಕೂವರೆ. ಅದು ನಿನಗೆ ಹತ್ತೊಂಬತ್ತು ವರ್ಷ ಇದ್ದಾಗಿನದು. ಅದಕ್ಕೇ ಕತ್ತರಿಸಿದೆ.

ಫೋಟೋ ನೋಡಿದೆ. ಈಗ ಹದಿನಾರಕ್ಕೆ ಕಡಿಮೆಯಿಲ್ಲ. ಕಣ್ಣಳತೆಯಲ್ಲೇ ಹೇಳಬಲ್ಲೆ. ನಲವತ್ತು ವರ್ಷದ ಕಸುಬು, ಸ್ವಂತ ಮಗಳ ಭುಜ ತಪ್ಪಿದೆ. ಆ ಗೋಲು ನನ್ನ ಲೆಕ್ಕಕ್ಕೆ ಬರೆದುಕೊ.

ಮೈಗೆ ಎಣ್ಣೆ ಹಚ್ಚಿದ ಮೀನಿನ ಹಾಗೆ ಜಾರುವ ಬಟ್ಟೆ ಅದು. ಯಾವನು ಕಂಡುಹಿಡಿದನೋ.

ಅಪ್ಪ

(ಇದರ ಕೆಳಗೆ ನಾನು ಬರೀತಿದೀನಿ, ನಿಮ್ಮತ್ತೆ. ಅವನು ಕಾಗದ ಅಂಟಿಸೋಕೆ ಗೋಂದು ಹುಡುಕ್ತಾ ಒಳಗೆ ಹೋಗಿದಾನೆ. 'ತಾನಾಗಿ ತಂದುಕೊಟ್ಟ' ಅನ್ನೋದು ಶುದ್ಧ ಸುಳ್ಳು ಕಣೇ. ಆ ಅಂಗಿಗಳು ಎಲ್ಲಿಗೆ ಹೋಗ್ತವೆ ಅಂತ ತಿಳ್ಕೊಂಡು, ಜವಳಿಯವನ ಕಟ್ಟೆ ಮೇಲೆ ಎರಡು ದಿನ ಕೂತು ಕೇಳಿ ತಗೊಂಡು ಬಂದಿದಾನೆ. ನಾನು ಗುಂಡಿ ಹಚ್ಚೋಳು, ನನಗೆ ಎಲ್ಲಾ ಕಾಣತ್ತೆ.)


ಫೆಬ್ರವರಿ 15

ಅಪ್ಪನಿಗೆ,

ನಿಮ್ಮ ಕಾಗದವನ್ನು ಬೀಗಳಿಗೂ ಓದಿ ಹೇಳಿದೆ. ರೂಮಿನಲ್ಲಿ ನಾವಿಬ್ಬರೇ ಇರುವುದು. ಎರಡು ಕಬ್ಬಿಣದ ಮಂಚ, ನಡುವೆ ಒದ್ದೆ ಬೂಟುಗಳನ್ನು ಮಗುಚಿಡುವ ಸ್ಟೂಲು. ಅವಳು ತನ್ನ ಅಂಗಿ ಎತ್ತಿ ಒಳಗಿನ ಹೊಲಿಗೆ ನೋಡಿ, "ಐದು ವರ್ಷದಿಂದ ನಿಮ್ಮಪ್ಪ ನನ್ನ ಸೊಂಟ ಹಿಡೀತಿದಾರೆ, ನೀನು ಈಗ ಹೇಳ್ತೀಯಲ್ಲೇ" ಅಂದಳು. ನಗು ಬಂತು. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ನಿನ್ನೆ ಫೆಡರೇಷನ್ನಿನ ಕಾರ್ಯದರ್ಶಿ ಕರೆಸಿದ. ಆ ಫೋಟೋ ನೋಡಿ ವಿಶ್ವ ಫುಟ್‌ಬಾಲ್ ಸಂಸ್ಥೆಯವರು ಕೇಳಿದ್ದಾರೆ: ಹೆಣ್ಣುಮಕ್ಕಳ ತಂಡಕ್ಕೆ ಎಂಥ ಅಂಗಿ ಕೊಡುತ್ತೀರಿ? ಪ್ರತಿವರ್ಷ ಅವರಿಗಾಗಿಯೇ ಹೊಸದು ಕೊಳ್ಳುತ್ತೇವೆ ಎಂದು ಇವರು ಉತ್ತರ ಬರೆದಿದ್ದಾರೆ. ಅಂಗಿ ಹೊಸದು, ಚಿಕ್ಕ ತಿದ್ದುಪಡಿಗೆ ಕೊಟ್ಟಾಗ ದರ್ಜಿ ಕೆಡಿಸಿದ ಎಂದು ಇನ್ನೊಂದು ಕಾಗದ ತಯಾರಾಗಿದೆ. ಅದಕ್ಕೆ ನಾನು ಸಹಿ ಮಾಡಬೇಕು.

"ನೋಡಮ್ಮ, ಯಾವನೋ ದರ್ಜಿ. ಅವನ ಹೆಸರೂ ನಮಗೆ ಗೊತ್ತಿಲ್ಲ. ಅವನಿಗೇನು ಆಗಬೇಕು? ಒಂದು ಸಹಿ ಹಾಕು, ವಿಮಾನ ಹತ್ತು" ಅಂದ.

"ಹಾಕದಿದ್ರೆ?"

"ನೀನೇ ಜಾಣೆ" ಅಂದು ನೀರಿನ ಬಾಟಲಿ ನನ್ನ ಕಡೆ ತಳ್ಳಿದ.

ಹೊಸ ಅಂಗಿಯಂತೆ! ನನ್ನ ಬೆನ್ನಿನ ಮೇಲೆ ಕೆಂಪು ಮಾಸಿದೆ, ಪಟ್ಟಿ ಬಿಚ್ಚಿದ ಜಾಗದಲ್ಲಿ ಮಾತ್ರ ಇನ್ನೂ ಕಡುಕೆಂಪು. ದೂರದಿಂದ ನೋಡಿದರೆ ಯಾವನೋ ಗಂಡಸಿನ ಹೆಸರಿನ ನೆರಳು ಹೊತ್ತು ಓಡುತ್ತೇನೆ. ನಮಗೆ ಹೆಸರಿನ ಪಟ್ಟಿಯೇ ಇಲ್ಲ, ಬರೀ ನಂಬರು. ಗಂಡಸರು ಬೆವರು ಸುರಿಸಿ ಬಿಟ್ಟದ್ದನ್ನು ತೊಟ್ಟು, ಎದೆಯ ಮೇಲೆ ಕೈಯಿಟ್ಟು ದೇಶದ ಹಾಡು ಹೇಳುತ್ತೇವೆ. ಕ್ಯಾಂಪಿನಲ್ಲಿ ಬಟ್ಟೆ ಒಗೆಯುವ ಹೆಂಗಸು ತನ್ನ ಸಂಘದ ಎಂಟು ಪುಟದ ಕರಪತ್ರ ಕೊಟ್ಟಿದ್ದಾಳೆ, ದಿಂಬಿನ ಕೆಳಗಿಟ್ಟುಕೊಂಡು ಓದುತ್ತಿದ್ದೇನೆ. ದುಡಿಸಿಕೊಳ್ಳುವವರು ತಮ್ಮ ತಪ್ಪನ್ನು ಯಾವಾಗಲೂ ಅತಿ ಕೆಳಗಿನ ಮೆಟ್ಟಿಲಲ್ಲಿ ನಿಂತವನ ತಲೆಗೆ ಕಟ್ಟುತ್ತಾರೆ ಎಂದು ಅದರಲ್ಲಿದೆ. ನಿನ್ನೆ ಅದು ನನ್ನ ಕಣ್ಣೆದುರೇ ನಡೆಯಿತು, ಆ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದವರು ನೀವು.

ಸಹಿ ಮಾಡಲಿಲ್ಲ. ದರ್ಜಿ ನನ್ನ ಅಪ್ಪ ಎಂದೂ ಹೇಳಲಿಲ್ಲ. ನಿಮ್ಮಿಂದ ಒಂದೇ ಸಹಾಯ ಬೇಕು. ಯಾರಾದರೂ ಬಂದು ಕೇಳಿದರೆ, ಅಳತೆ ಸರಿಯಾಗಿತ್ತು, ಬಟ್ಟೆ ಹಳತಾಗಿ ಹರಿಯಿತು ಎನ್ನಿ. ಹಳೇ ಪುಸ್ತಕದ ವಿಷಯ ಬಾಯಿ ಬಿಡಬೇಡಿ.

ಬಾಬಿನ್


ಮಾರ್ಚ್ 2

ಬಾಬಿನ್‌ಗೆ,

ನಾನು ಹಾಗೆ ಹೇಳಲಾರೆ.

ಬಟ್ಟೆ ಹರಿದಿಲ್ಲ, ಹೊಲಿಗೆ ಕಿತ್ತಿದೆ. ಯಾವ ದರ್ಜಿ ನೋಡಿದರೂ ಹೇಳುತ್ತಾನೆ. ಒಳಗೆ ಅರ್ಧ ಇಂಚಾದರೂ ಬಟ್ಟೆ ಬಿಡಬೇಕಿತ್ತು, ಬಿಡಲಿಲ್ಲ. ಅಂದವಾಗಿ ಕಾಣಲಿ, ಟಿವಿಯಲ್ಲಿ ಬರುತ್ತಾಳೆ ಎಂದು ಒತ್ತಿ ಕತ್ತರಿಸಿದೆ. ಉಳಿದ ಹದಿನೇಳರಲ್ಲೂ ಬಿಟ್ಟಿದ್ದೇನೆ, ನಿನ್ನದರಲ್ಲಿ ಬಿಡಲಿಲ್ಲ. ಹೆಚ್ಚು ಪ್ರೀತಿ ಮಾಡಿದರೆ ಕತ್ತರಿ ಹಿಡಿದ ಕೈ ಹೀಗೂ ಕೆಡುತ್ತದೆ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು.

ಸಹಿ ಮಾಡು. ಕಾಗದದಲ್ಲಿ ದರ್ಜಿ ಕೆಡಿಸಿದ ಎಂದಿದೆಯಲ್ಲ, ಅದು ನಿಜ. ನನ್ನ ಹೆಸರು ಅವರಿಗೆ ಗೊತ್ತಿಲ್ಲ, ಗೊತ್ತಾದರೂ ಈ ಬೀದಿಯಲ್ಲಿ ಯಾರೂ ಪ್ಯಾಂಟು ಮೋಟು ಮಾಡಿಸುವುದನ್ನು ನಿಲ್ಲಿಸುವುದಿಲ್ಲ. ಹನ್ನೊಂದು ವರ್ಷದವಳಿದ್ದಾಗಿನಿಂದ ನೀನು ಒದ್ದದ್ದು ಈ ವಿಶ್ವಕಪ್ಪಿಗೆ. ಅಂಗಡಿಯ ಹಿಂಬದಿಯ ಗೋಡೆಗೆ ಚೆಂಡು ಬಡಿದು ಬಡಿದು ಸುಣ್ಣ ಉದುರಿದ ಜಾಗ ಇನ್ನೂ ಹಾಗೇ ಇದೆ. ನನ್ನ ಒಂದು ಹೊಲಿಗೆಗಾಗಿ ಅದನ್ನೆಲ್ಲ ಕಳೆದುಕೊಳ್ಳಬೇಡ.

ನಿನ್ನ ಕರಪತ್ರ ಬರೆದವರು ಎಂದಾದರೂ ಅಂಗಿ ಹೊಲಿದಿದ್ದಾರಾ, ಕೇಳು.

ಅಪ್ಪ


ಮಾರ್ಚ್ 9

ಅಪ್ಪನಿಗೆ,

ಆ ಕಾಗದದಲ್ಲಿ ಎರಡು ಮಾತಿದೆ. ದರ್ಜಿ ಕೆಡಿಸಿದ ಎನ್ನುವುದು ಒಂದು. ಅಂಗಿ ಹೊಸದು, ನಮಗಾಗಿಯೇ ಕೊಂಡದ್ದು ಎನ್ನುವುದು ಇನ್ನೊಂದು. ನೀವು ಮೊದಲನೆಯದನ್ನು ಮಾತ್ರ ಓದುತ್ತೀರಿ. ಮೊದಲನೆಯದು ನಿಜವಾದ್ದರಿಂದಲೇ ಎರಡನೆಯದನ್ನು ಅದರ ಬೆನ್ನಿಗೆ ಹೊಲಿದಿದ್ದಾರೆ. ನನ್ನ ಸಹಿ ಬಿದ್ದರೆ ಮುಂದೆ ಬರುವ ಹುಡುಗಿಯರಿಗೂ ಇದೇ ಗಂಟು, ಇದೇ ನೆರಳು.

ಮತ್ತೆ ಇನ್ನೊಂದು. ನನಗೆ ಯಾವುದು ಒಳ್ಳೆಯದು ಎಂದು ಈ ಸಲವೂ ನೀವೇ ನಿರ್ಧಾರ ಮಾಡಿ ಮುಗಿಸಿದ್ದೀರಿ. ಐದು ವರ್ಷದ ಹಿಂದೆಯೂ ಹಾಗೇ ಮಾಡಿದಿರಿ. ನನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ. ಮುಗಿದ ಮೇಲೆ, ಬೂಟಿನ ಲೇಸು ಬಿಚ್ಚುತ್ತಿದ್ದಾಗ ನಿಮ್ಮ ಫೋನು ಬಂತು. ನಾನು ಆಡುತ್ತಿದ್ದಾಗ ಅಮ್ಮ ಆಗಲೇ ಆಸ್ಪತ್ರೆಯಲ್ಲಿ ತೀರಿಹೋಗಿಯಾಗಿತ್ತು. ನಾನು ಗೆದ್ದೆವು ಎಂದು ಕುಣಿಯುತ್ತಿದ್ದಾಗಲೂ ಹೋಗಿಯಾಗಿತ್ತು. ಅವಳೇ ತಿಳಿಸಬೇಡಿ ಅಂದಳಂತೆ, ಮಗಳ ಆಟ ಕೆಡದಿರಲಿ ಅಂದಳಂತೆ ಎಂದು ಬಂದವರೆಲ್ಲ ಹೇಳಿದರು. ನೀವು ಟೇಪನ್ನು ಕೊರಳಿಗೆ ಹಾಕಿಕೊಂಡು ಕೇಳುತ್ತ ಕೂತಿದ್ದಿರಿ. ಎರಡು ದಿನವಿದ್ದು ಹೊರಟ ನಾನು ಮತ್ತೆ ಮನೆಗೆ ಯಾಕೆ ಬರಲಿಲ್ಲ ಎಂದು ನೀವು ಒಮ್ಮೆಯೂ ಕೇಳಲಿಲ್ಲ.

ಅಮ್ಮ ನಿಜಕ್ಕೂ ಹಾಗಂದಳಾ?

ಸಹಿಯ ವಿಷಯಕ್ಕೆ ಇನ್ನು ನಿಮ್ಮ ಸಲಹೆ ಬೇಡ.

ನಿಮ್ಮ ಮಗಳು


ಏಪ್ರಿಲ್ 3

ಏ ಹುಡುಗಿ,

ನಿಮ್ಮಪ್ಪ ಕಾಗದ ಬರೆಯಲಿಲ್ಲ ಎಂದು ಸಿಟ್ಟಾಗಿರುತ್ತೀ ಎಂದು ನಾನೇ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದ ದಿನ ಅಂಗಡಿ ಬಾಗಿಲು ಹಾಕಿದ. ಗಿರಾಕಿ ಬಂದು ಬಡಿದರೆ ನಾನು ಹೊರಗೆ ಹೋಗಿ "ಅವನಿಗೆ ಹುಷಾರಿಲ್ಲ" ಎಂದು ಸಾಗಹಾಕುತ್ತಿದ್ದೆ. ನಾಲ್ಕನೇ ದಿನ ಏಣಿ ಹಾಕಿ ಅಟ್ಟ ಹತ್ತಿದ. "ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ನಿನಗೆ ಅಳತೆ ತೆಗೆಯೋರು ಯಾರೋ" ಅಂದೆ. ಮೇಲಿಂದ ಗಂಟುಗಳನ್ನು ಒಂದೊಂದಾಗಿ ಕೆಳಗೆ ಬಿಟ್ಟ. ಈಗ ನೆಲದ ತುಂಬ ಗಂಟು. ನನಗೆ ಕಾಲಿಡಲು ಜಾಗವಿಲ್ಲ, ಗುಂಡಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ.

ನೀನು ಏನು ಕೇಳಿ ಬರೆದೆಯೋ ನನಗೆ ಗೊತ್ತಿಲ್ಲ. ನಿಮ್ಮಮ್ಮ ಹೋದ ದಿನದ್ದಾದರೆ, ಆಸ್ಪತ್ರೆಯ ಕೋಣೆಯ ಒಳಗಿದ್ದವನು ಅವನೊಬ್ಬನೇ. ಅವನು ಹೇಳಿದ್ದನ್ನೇ ನಾನೂ ಎಲ್ಲರಿಗೂ ಹೇಳಿದ್ದು.

ನಿಮ್ಮತ್ತೆ


ಏಪ್ರಿಲ್ 11

ಬಾಬಿನ್‌ಗೆ,

ಇಲ್ಲ. ನಿನ್ನಮ್ಮ ಹಾಗನ್ನಲಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಕಣ್ಣು ಬಿಟ್ಟು "ಅವಳನ್ನ ಕರೀರಿ" ಅಂದಳು. ನಾನು, "ಸಂಜೆ ಐದಕ್ಕೆ ಅವಳ ಪಂದ್ಯ ಇದೆ, ಮುಗಿದ ತಕ್ಷಣ ಕರೀತೀನಿ" ಅಂದೆ. ಅವಳು ಮತ್ತೊಂದು ಸಲ "ಕರೀರಿ" ಅಂದಳು. ಡಾಕ್ಟರು ಇನ್ನೂ ಎರಡು ದಿನ ಭಯವಿಲ್ಲ ಎಂದಿದ್ದರು. ಸಮಯವಿದೆ ಅಂದುಕೊಂಡೆ. ನಾಲ್ಕು ಗಂಟೆಗೆ ಹೋದಳು. ಆಗಲಾದರೂ ಫೋನು ಮಾಡಬಹುದಿತ್ತು. ಹೊರಗಿನ ಬೆಂಚಿನಲ್ಲಿ ಫೋನು ಹಿಡಿದು ಕೂತೇ ಇದ್ದೆ. ನಿನಗೆ ತಡೆಯಲಾಗದು, ಚಿಕ್ಕವಳು ಅಂದುಕೊಂಡೆ.

'ತಿಳಿಸಬೇಡಿ ಅಂದಳು' ಎಂದು ಮೊದಲು ನಿನ್ನತ್ತೆಗೆ ಹೇಳಿದೆ. ಆಮೇಲೆ ಅದು ಊರೆಲ್ಲ ಆಯಿತು. ಬಿಚ್ಚಲು ಧೈರ್ಯ ಬರಲಿಲ್ಲ. ಕ್ಷಮಿಸು ಎಂದು ಬರೆಯುವುದು ಸುಲಭ, ಅದಕ್ಕೆ ಬರೆಯುತ್ತಿಲ್ಲ.

ಈಗ ಈ ಕಾಗದದ ಜೊತೆ ಕಳಿಸಿರುವ ಪಾರ್ಸಲಿನ ವಿಷಯ. ಕತ್ತರಿಸಿ ಉಳಿದ ಬಟ್ಟೆ ಗಿರಾಕಿಯದು, ದರ್ಜಿಯದಲ್ಲ. ನನ್ನ ಗುರು ಕಲಿಸಿದ ಮೊದಲ ಪಾಠ ಅದು. ಒಂದು ಬೆರಳಗಲದ ಚೂರಾದರೂ ಕಟ್ಟಿ, ಚೀಟಿ ಅಂಟಿಸಿ ಇಡಬೇಕು, ಕೇಳಿದ ದಿನ ಕೊಡಬೇಕು. ಅದಕ್ಕೇ ನೀನು ಚಿಕ್ಕವಳಿದ್ದಾಗ ಗೊಂಬೆಗೆ ಬಟ್ಟೆ ಕೇಳಿದರೆ ಕೊಡದೆ ಅಳಿಸುತ್ತಿದ್ದೆ. ಫೆಡರೇಷನ್ನಿನ ಅಂಗಿಗಳದ್ದೂ ಹಾಗೇ ಇಟ್ಟಿದ್ದೇನೆ. ಐದು ವರ್ಷದಲ್ಲಿ ಅವರ ಕಡೆಯಿಂದ ಯಾರೂ ಬಂದು ಕೇಳಲಿಲ್ಲ.

ತೊಂಬತ್ತು ಅಂಗಿ, ತೊಂಬತ್ತು ಗಂಟು. ಪ್ರತಿಯೊಂದರಲ್ಲಿ ತೋಳಿನ ತುದಿ, ಪಕ್ಕದ ಪಟ್ಟಿ, ಬೆನ್ನಿನಿಂದ ಬಿಚ್ಚಿದ ಹೆಸರು, ಕತ್ತಿನಿಂದ ತೆಗೆದ ಲೇಬಲ್. ಲೇಬಲ್ಲಿನಲ್ಲಿ 'ಪುರುಷರ ತಂಡ' ಎಂದು ಅಚ್ಚಾಗಿದೆ, ಇಸವಿಯೂ ಇದೆ. ಚೀಟಿಯಲ್ಲಿ ನಿಮ್ಮ ನಂಬರು, ನಾನು ಕೆಲಸ ಮಾಡಿದ ತಾರೀಖು.

ಜೊತೆಗೆ ಒಂದು ಕಾಗದ ಬರೆದು ನನ್ನ ಹೆಸರು ಹಾಕಿ ಸಹಿ ಮಾಡಿದ್ದೇನೆ. ಮೊದಲ ಸಾಲಿನಲ್ಲೇ ಮೂರನೇ ನಂಬರಿನ ಅಂಗಿ ಕಿತ್ತದ್ದು ನನ್ನ ತಪ್ಪಿನಿಂದ ಎಂದಿದೆ. ಅದನ್ನು ಬಿಟ್ಟು ಓದುವುದಾದರೆ ಓದಲೇಬೇಡ.

ಇದನ್ನು ಅವರ ಮುಂದಿಡುತ್ತೀಯೋ, ಕಟ್ಟಿ ಮಂಚದ ಕೆಳಗೆ ತಳ್ಳುತ್ತೀಯೋ, ಆ ಇನ್ನೊಂದು ಕಾಗದಕ್ಕೆ ಸಹಿ ಮಾಡಿ ವಿಮಾನ ಹತ್ತುತ್ತೀಯೋ ನಿನಗೆ ಬಿಟ್ಟದ್ದು. ಈ ಸಲ ನನ್ನದೇನೂ ಇಲ್ಲ.

ಅಪ್ಪ


ಮೇ 6

ಅಪ್ಪನಿಗೆ,

ಅಮ್ಮನ ವಿಷಯ ಬರೆದಿದ್ದನ್ನು ಒಂದೇ ಸಲ ಓದಿದ್ದೇನೆ. ಎರಡನೇ ಸಲ ಓದಲು ಇನ್ನೂ ಆಗಿಲ್ಲ. ಅದಕ್ಕೆ ಉತ್ತರ ಇದರಲ್ಲಿ ಇಲ್ಲ.

ಪಾರ್ಸಲಿನ ವಿಷಯ ಹೇಳುತ್ತೇನೆ. ವಿಶ್ವ ಫುಟ್‌ಬಾಲ್ ಸಂಸ್ಥೆಯಿಂದ ವಿಚಾರಣೆಗೆ ಒಬ್ಬ ಹೆಂಗಸು ಬಂದಿದ್ದಳು. ಸಣ್ಣ ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಮಾತು ಕಡಿಮೆ. ಫೆಡರೇಷನ್ನಿನ ಸಭಾಂಗಣದಲ್ಲಿ ಗಾಜು ಹೊದಿಸಿದ ಉದ್ದನೆಯ ಮೇಜು. ನಾವು ಹದಿನೆಂಟೂ ಜನ ಒಂದು ಪಕ್ಕ, ಎದುರಿಗೆ ಕಾರ್ಯದರ್ಶಿ ಮತ್ತವನ ಕಡೆಯವರು. ನಾನು ಎದ್ದು ನಿಮ್ಮ ಕಾಗದ ಬಿಡಿಸಿದೆ. ಒಂದು ಗಳಿಗೆ ಎರಡನೇ ಸಾಲಿನಿಂದ ಶುರುಮಾಡೋಣ ಎನ್ನಿಸಿತು. ಸುಳ್ಳು ಹೇಳುವುದಿಲ್ಲ, ಎನ್ನಿಸಿತು. ಆಮೇಲೆ ಮೊದಲಿನಿಂದಲೇ ಓದಿದೆ.

ಮೊದಲ ಸಾಲು ಮುಗಿಯುವ ಮೊದಲೇ ಕಾರ್ಯದರ್ಶಿ ಕುರ್ಚಿಯಿಂದೆದ್ದ. "ಕೇಳಿದ್ರಲ್ಲ ಮೇಡಂ! ಅವನೇ ಒಪ್ಕೊಂಡಿದಾನೆ! ಇನ್ನೇನು ಬೇಕು?"

ಆ ಹೆಂಗಸು, "ಅವರು ಓದಿ ಮುಗಿಸಲಿ" ಅಂದಳು.

ಮುಗಿಸಿದೆ. ಬೀಗ ಮತ್ತು ನಾನು ಮೂರು ಗೋಣಿಚೀಲ ತಂದು ಮೇಜಿನ ಮೇಲೆ ಸುರಿದೆವು. ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಹುಡುಗಿಯರು ಎದ್ದು ತಮ್ಮ ತಮ್ಮ ನಂಬರು ಹುಡುಕತೊಡಗಿದರು. "ಏ, ಇದು ನನ್ನ ತೋಳು ಕಣೇ!" ಎಂದು ಬೀಗ ಕಿರುಚಿದಳು. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ತಾವು ವರ್ಷಗಟ್ಟಲೆ ಹೊತ್ತಿದ್ದ ಹೆಸರನ್ನು ಓದಿಕೊಂಡರು. ಆ ಹೆಂಗಸು ಕನ್ನಡಕ ಏರಿಸಿಕೊಂಡು ಲೇಬಲ್ಲುಗಳನ್ನು ಇಸವಿಯ ಪ್ರಕಾರ ಸಾಲಾಗಿ ಜೋಡಿಸಿದಳು. ಗಾಜಿನ ಮೇಲೆ ಐದು ಸಾಲು.

"ಇದನ್ನೆಲ್ಲ ಯಾಕೆ ಇಟ್ಕೊಂಡಿದ್ದ ಆ ಮನುಷ್ಯ?" ಅಂದ ಕಾರ್ಯದರ್ಶಿ.

"ಉಳಿದ ಬಟ್ಟೆ ನಿಮ್ಮದು. ತಗೊಂಡು ಹೋಗೋಕೆ ನೀವು ಬರಲಿಲ್ಲ, ಅದಕ್ಕೆ" ಅಂದೆ.

"ಯಾರು ರೀ ಆ ದರ್ಜಿ?"

"ನಮ್ಮಪ್ಪ."

ತಂಡಕ್ಕೆ ಹೊಸ ಅಂಗಿ ಬರುತ್ತದೆ. ಹೆಂಗಸರ ಅಳತೆಗೇ ಕತ್ತರಿಸಿದ್ದು, ಒಬ್ಬೊಬ್ಬರಿಗೆ ಮೂರು, ಬೆನ್ನಿನ ಮೇಲೆ ಅವರವರ ಹೆಸರು. ಬರವಣಿಗೆಯಲ್ಲಿ ಕೊಟ್ಟಿದ್ದಾರೆ.

ನಿನ್ನೆ ವಿಶ್ವಕಪ್ಪಿನ ಪಟ್ಟಿ ಅಂಟಿಸಿದರು. ಹೊಸಬರನ್ನೂ ಸೇರಿಸಿ ಇಪ್ಪತ್ತಮೂರು ಹೆಸರಿದೆ, ನನ್ನದಿಲ್ಲ. ಎಡ ಮೊಣಕಾಲಿನ ಬಗ್ಗೆ ಅನುಮಾನವಂತೆ. ನನ್ನ ಎಡ ಮೊಣಕಾಲು ಈವರೆಗೆ ಒಂದು ದಿನವೂ ನೋಯಲಿಲ್ಲ. ಹುಡುಗಿಯರು ನಾವೂ ಹೋಗುವುದಿಲ್ಲ ಎಂದು ಮೆಟ್ಟಿಲ ಮೇಲೆ ಕೂತರು. ನಾನೇ ಬೈದು ಎಬ್ಬಿಸಿದೆ. "ಯಾರೂ ತೊಡದಿದ್ದರೆ ಆ ಅಂಗಿಗಳನ್ನ ಮತ್ತೆ ಗಂಡಸರಿಗೇ ಕೊಡ್ತಾರೆ ಕಣ್ರೇ, ಹೋಗಿ" ಅಂದೆ. ಬೀಗ ನನ್ನ ಬೂಟುಗಳನ್ನು ಸ್ಟೂಲಿನಿಂದ ತೆಗೆದು ಒರೆಸಿ ನನ್ನ ಚೀಲಕ್ಕೆ ಹಾಕಿಕೊಟ್ಟಳು.

ಕರಪತ್ರದಲ್ಲಿ ಗೆದ್ದ ಮೇಲೆ ಹೇಗಿರುತ್ತದೆ ಎಂದು ಬರೆದಿರಲಿಲ್ಲ.

ಬಾಬಿನ್


ಜೂನ್ 20

ಬಾಬಿನ್‌ಗೆ,

ಮೂರು ಪಂದ್ಯವನ್ನೂ ನೋಡಿದೆವು. ನಿನ್ನತ್ತೆ ತನ್ನ ಮನೆಯ ಟಿವಿಯನ್ನು ಸೊಂಟದ ಮೇಲೆ ಹೊತ್ತು ತಂದು ಇಸ್ತ್ರಿ ಮೇಜಿನ ಮೇಲಿಟ್ಟಳು. ಬೀದಿಯವರು ಬಾಗಿಲಲ್ಲಿ ನಿಂತರು. ಎರಡು ಸೋತರು, ಒಂದು ಸಮವಾಯಿತು. ಬೀಗ ಪೆನಾಲ್ಟಿ ಹಿಡಿದಾಗ ನಿನ್ನತ್ತೆ ಗುಂಡಿ ಡಬ್ಬಿ ಚೆಲ್ಲಿದಳು, ಇನ್ನೂ ಗುಡಿಸುವಾಗ ಸಿಗುತ್ತಿವೆ.

ಮೂರನೇ ನಂಬರಿನ ಹುಡುಗಿ ನಿನಗಿಂತ ಸಣ್ಣವಳು. ಅವಳ ಕಡೆಯಿಂದ ಎರಡು ಸಲ ಚೆಂಡು ದಾಟಿತು. "ನಮ್ಮ ಹುಡುಗಿ ಇದ್ದಿದ್ರೆ..." ಎಂದಳು ನಿನ್ನತ್ತೆ.

ನಾನು ನೋಡುತ್ತಿದ್ದದ್ದು ಅಂಗಿಗಳನ್ನು. ಕಂಕುಳಿನಲ್ಲಿ ಚೆನ್ನಾಗಿ ಇಳಿಸಿ ಸಡಿಲ ಬಿಟ್ಟಿದ್ದಾರೆ. ಆ ಹುಡುಗಿ ಚೆಂಡು ಎಸೆಯಲು ಎರಡೂ ಕೈ ಎತ್ತಿದಾಗ ನಾನು ಉಸಿರು ಹಿಡಿದೆ. ಬಟ್ಟೆ ಮೈಯ ಜೊತೆ ಹೋಗಿ ಮೈಯ ಜೊತೆ ಬಂತು. ಯಾವ ಫ್ಯಾಕ್ಟರಿಯದೋ, ಕೈ ಒಳ್ಳೆಯದು. ಬೆನ್ನಿನ ಮೇಲಿನ ಹೆಸರುಗಳನ್ನು ನಿನ್ನತ್ತೆ ಒಂದೊಂದೇ ಕೂಡಿಸಿ ಓದಿದಳು.

ಜವಳಿಯವನು ಬಂದು ಇನ್ನು ಮೇಲೆ ಗಂಟು ಇಲ್ಲ ಎಂದು ಹೇಳಿ ಹೋದ. ಅಟ್ಟದ ಹಲಗೆ ಖಾಲಿಯಾಗಿದೆ. ಶಾಲೆಯ ಯೂನಿಫಾರ್ಮ್ ಕೆಲಸ ಬಂದಿದೆ. ಮಕ್ಕಳು ಬೆಳೆಯುತ್ತಾರೆ ಎಂದು ಪ್ರತಿಯೊಂದರಲ್ಲೂ ಎರಡು ಇಂಚು ಬಿಡುತ್ತಿದ್ದೇನೆ. ಹೆಚ್ಚಾಯಿತು ಎಂದು ತಾಯಂದಿರು ಬೈಯುತ್ತಾರೆ. ಬೈಯಲಿ.

ಅಪ್ಪ


ಜುಲೈ 14

ಅಪ್ಪನಿಗೆ,

ಮುಂದಿನ ಕ್ಯಾಂಪಿಗೆ ನನಗೆ ಕರೆ ಬಂದಿಲ್ಲ. ನಲವತ್ತೊಂದು ಪಂದ್ಯ ಆಡಿದ್ದೇನೆ. ನಲವತ್ತೆರಡನೆಯದು ಇದೆಯೋ ಇಲ್ಲವೋ ಯಾರೂ ಹೇಳುತ್ತಿಲ್ಲ, ನಾನು ಕೇಳುವುದನ್ನು ಬಿಟ್ಟಿದ್ದೇನೆ. ಬಟ್ಟೆ ಒಗೆಯುವವರ ಸಂಘದ ಹಿಂದೆ ಒಂದು ಬಯಲಿದೆ. ಅವರ ಹೆಣ್ಣುಮಕ್ಕಳಿಗೆ ಬೆಳಿಗ್ಗೆ ಆಟ ಹೇಳಿಕೊಡುತ್ತಿದ್ದೇನೆ. ಹನ್ನೆರಡು ಜನ ಬರುತ್ತಾರೆ, ಏಳು ಜೊತೆ ಬೂಟು ಇದೆ. ಅವರಲ್ಲಿ ಒಬ್ಬಳು ಎಡಗಾಲಿನವಳು, ಬಹಳ ಸಿಟ್ಟಿನವಳು. ಚೆನ್ನಾಗಿ ಬರುತ್ತಾಳೆ.

ಮೂರನೇ ನಂಬರಿನ ಹುಡುಗಿ ವಿಶ್ವಕಪ್ಪಿನಿಂದ ಬಂದವಳು ನೇರ ನನ್ನ ಹತ್ತಿರ ಬಂದಳು. ತಾನು ತೊಟ್ಟ ಅಂಗಿಯನ್ನು ಮಡಿಸಿ ತಂದಿದ್ದಳು. "ಅಕ್ಕ, ಇದು ನಿಮ್ಮದು" ಅಂದಳು. ಬೇಡವೆಂದೆ. "ಎರಡು ಸಲ ದಾಟಿಸಿಬಿಟ್ಟೆ, ಬೈಯೋದಾದ್ರೆ ಬೈದು ತಗೊಳ್ಳಿ" ಎಂದು ಅತ್ತಳು. ತೆಗೆದುಕೊಂಡೆ. ನನಗೆ ಭುಜದಲ್ಲಿ ಬಿಗಿ. ಒಳಗೆ ಬಟ್ಟೆ ಬಿಟ್ಟಿದ್ದಾರೆ, ನೋಡಿದೆ. ನೀವು ಬಿಡಿಸಿಕೊಟ್ಟರೆ ಆಗುತ್ತದೆ. ಬೆನ್ನಿನ ಮೇಲೆ ಅವಳ ಹೆಸರಿದೆ. ಅದನ್ನು ಬಿಚ್ಚಬೇಡಿ.

ನಿಮ್ಮ ಏಪ್ರಿಲ್ ಕಾಗದವನ್ನು ಎರಡನೇ ಸಲ ಓದಿದೆ. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ, ಸುಳ್ಳು ನಿಮಗೂ ಹಿಡಿಸುವುದಿಲ್ಲ. ನಾನು ಎದುರಿಗೆ ಕೂತು ಕೇಳಬೇಕಾದದ್ದು ಒಂದೇ ಇದೆ. ಎರಡನೇ ಸಲ 'ಕರೀರಿ' ಅಂದಳಲ್ಲ, ಆಗ ಅಮ್ಮನ ದನಿ ಹೇಗಿತ್ತು? ಇದನ್ನು ಕಾಗದದಲ್ಲಿ ಬರೆಯಬೇಡಿ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅಳತೆ ಪುಸ್ತಕದಲ್ಲಿ ಅಮ್ಮನ ಪುಟದ ಎದುರಿನ ಪುಟ ಇನ್ನೂ ಖಾಲಿಯೇ ಇದೆ ಎಂದು ಅತ್ತೆ ಫೋನಿನಲ್ಲಿ ಹೇಳಿದಳು. ಟೇಪು ತೆಗೆದಿಡಿ. ನನ್ನ ಹಳೇ ಪುಟ ತೆರೆಯಬೇಡಿ, ಕಣ್ಣಳತೆಯೂ ಬೇಡ. ನಾನು ಬಂದು ನಿಂತ ಮೇಲೆ ಭುಜದಿಂದ ಶುರುಮಾಡಿ, ಮೊದಲಿನಿಂದ.

ಬಾಬಿನ್